ಹುಲಿಬಿಲ್ಲೆಯ ಸಹಿ

ಬಲು ಹಿಂದೆ, ಮೂಡಣ ಕಡಲಿನಾಚೆ, ಕತ್ತಿಗಳಿಗೆ ಹೆಸರಾದ ಒಂದು ರಾಜ್ಯವಿತ್ತು. ಕತ್ತಿಯ ಅಲಗಿಗೂ ಹಿಡಿಗೂ ನಡುವೆ, ಬೆರಳು ಕಾಯಲು ದುಂಡನೆಯ ಕಬ್ಬಿಣ ಇರುತ್ತದಲ್ಲ, ಅದಕ್ಕೆ... ಕೈ... ಕೈ ಏನೋ ಅನ್ನುತ್ತಿದ್ದರು ನಮ್ಮೂರಲ್ಲಿ. ಬಾಯಿಗೆ ಬರುತ್ತಿಲ್ಲ. ಹೋಗಲಿ, ಬಿಲ್ಲೆ ಅನ್ನೋಣ.

ಆ ಬಿಲ್ಲೆಗಳ ಮೇಲೆ ಕಮ್ಮಾರರು ಕೊಕ್ಕರೆ, ಏಡಿ, ಹುಲಿ ಕೆತ್ತುತ್ತಿದ್ದರು. ಪಕ್ಕದಲ್ಲೇ ಸಹಿ. ಅಕ್ಷರಗಳು ಬಳ್ಳಿಯಂತೆ ಹೆಣೆದುಕೊಂಡು ಓಡುತ್ತಿದ್ದವು. ತುಕ್ಕುಮಾಂತ್ರಿಕನೊಬ್ಬ ಆ ಸಹಿಗಳನ್ನೇ ಹಗ್ಗ ಮಾಡಿ ಕಮ್ಮಾರರನ್ನು ಕಟ್ಟಿಹಾಕಿದ. ಅವರವರು ಕೆತ್ತಿದ ಪ್ರಾಣಿಯಾಗಿ ಅವನ ಕೋಟೆಯ ಬಾಗಿಲು ಕಾಯಬೇಕು. ಸಹಿ ಹಾಕಿದ ಕೈ ಯಾರದೆಂದು ಸರಿಯಾಗಿ ಕೂಗಿದರೆ ಕಟ್ಟು ಬಿಚ್ಚುತ್ತಿತ್ತು. ತಪ್ಪಿದವರು ತುಕ್ಕಾಗಿ ಉದುರುತ್ತಿದ್ದರು. ಆ ನಿಯಮ ಎಲ್ಲರಿಗೂ ಒಂದೇ.

ಹುಲಿಬಿಲ್ಲೆ ಮಾಡಿದ ತೊಮೊಹಾರುವಿನ ಮಗಳು ಶಿನೊ ಅಪ್ಪನನ್ನು ಹುಡುಕುತ್ತ ಬಂದಳು. ನಡೆದು ನಡೆದು ಕಾಲು ಬಾತಿದ್ದವು.

ಮೊದಲ ಬಾಗಿಲಲ್ಲಿ ಕೊಕ್ಕರೆ. ಕೊರಳಲ್ಲಿ ಬಿಲ್ಲೆ. ಬಳ್ಳಿಯ ಬುಡ ಯಾವುದು, ತುದಿ ಯಾವುದು? ಶಿನೊ ಕಣ್ಣು ಮುಚ್ಚಿ ಬೆರಳಾಡಿಸಿದಳು. ಉಳಿ ಊರಿದಲ್ಲಿ ಗೆರೆ ಅಗಲ, ಎತ್ತಿದಲ್ಲಿ ಸಣ್ಣ. ಅಗಲದಿಂದ ಸಣ್ಣಕ್ಕೆ ಗೆರೆ ಹಿಡಿದು ಓದಿ, "ಮಸಾಕಿ!" ಎಂದಳು. ಕೊಕ್ಕರೆ ಮನುಷ್ಯನಾಗಿ ಕಣ್ಣೊರೆಸಿಕೊಂಡಿತು.

ಎರಡನೆಯದರಲ್ಲಿ ಏಡಿ. ಬಿಲ್ಲೆಯ ಮೇಲೆ ಸಹಿಯೇ ಇಲ್ಲ. ಶಿನೊ ಅದನ್ನು ತಿರುಗಿಸಿದಳು. ಹಿಡಿದವನ ಮುಷ್ಟಿಯ ಕಡೆಗಲ್ಲವೇ ಕಮ್ಮಾರರು ಸಹಿ ಹಾಕುವುದು! "ಯೊಶಿತಾನೆ!" ಏಡಿಯೂ ಎದ್ದು ನಿಂತಿತು.

ಮೂರನೆಯದರಲ್ಲಿ ಮುದಿ ಹುಲಿ ಗದ್ದವನ್ನು ಪಂಜದ ಮೇಲಿಟ್ಟು ಮಲಗಿತ್ತು. ಪಂಜ ನಡುಗುತ್ತಿತ್ತು. ಬಾಗಿಲ ಮೇಲೆ ಮಾಂತ್ರಿಕ ಕೂತು ನಗುತ್ತಿದ್ದ.

"ಏನವ್ವ, ಸುಸ್ತಾಯಿತಾ? ತುಕ್ಕು ತಿಂದ ಸಹಿ ಅದು. ಮನೆಗೆ ಹೋಗಿ ಮಲಗು."

"ಮಲಗೋದು ಇದ್ದೇ ಇದೆ," ಎಂದಳು ಶಿನೊ.

ಬೆರಳು ಹುಲಿಯ ಕೊರಳ ಬಿಲ್ಲೆಯ ಗೆರೆಯ ಮೇಲೆ ಹರಿಯಿತು. ತೊಮೊಹಾರು. ಹೆಸರು ನಾಲಿಗೆಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಬೆರಳು ತಡೆಯಿತು. ತಿರುವುಗಳಲ್ಲೆಲ್ಲ ಉಳಿ ಎಡಕ್ಕೆ ವಾಲಿತ್ತು. ಅಪ್ಪನದು ಬಲಗೈ. ಎಡಗೈ ತನ್ನದು!

ಆ ರಾಜ್ಯದಲ್ಲಿ ಮುದಿಯಾದ ಗುರುವಿನ ಹೆಸರನ್ನು ಶಿಷ್ಯರೇ ಕೆತ್ತುವ ವಾಡಿಕೆ. ಯಾರೂ ಅದನ್ನು ಮೋಸ ಅನ್ನುತ್ತಿರಲಿಲ್ಲ. ಅಪ್ಪನ ಕೈ ನಡುಗತೊಡಗಿದ ಮೇಲೆ ಶಿನೊಳೇ ಸಹಿ ಹಾಕುತ್ತಿದ್ದಳು.

"ಈ ಕೈ ಶಿನೊಳದು," ಎಂದಳು. "ನಾನು ಇಲ್ಲೇ ನಿಂತಿದ್ದೀನಿ. ನೀನು ಕಟ್ಟಿಹಾಕಿರೋದು ಯಾರನ್ನ?"

ಮಾಂತ್ರಿಕ ಕೆಳಗೆ ಹಾರಿ ಬಿಲ್ಲೆ ಕಿತ್ತುಕೊಂಡ. "ಹೆಸರು ಅವನದೇ!"

"ಹೆಸರು ಅವನದು. ಕೈ ನನ್ನದು."

ಸಹಿ ಹಾಕಿದ ಕೈ ಯಾರದೆಂದು ತಪ್ಪಿದವನು ಈಗ ಮಾಂತ್ರಿಕನೇ ಆಗಿದ್ದ; ನಿಯಮ ಅವನಿಗೂ ಒಂದೇ. ಕಾಲಿನಿಂದ ಶುರುವಾಗಿ ಕೆಂಪು ಪುಡಿಯಾಗಿ ಉದುರಿಹೋದ. ಉಳಿದ ಬಾಗಿಲುಗಳ ಕಟ್ಟುಗಳೂ ಬಿಚ್ಚಿಕೊಂಡವು.

ಹುಲಿಯ ಚರ್ಮ ಜಾರಿತು. "ಬಂದೆಯಾ ಮಗಳೇ," ಎಂದ ಅಪ್ಪ. "ಸಾಕಾಗಿದೆ. ಮನೆಗೆ ಹೋಗೋಣ."

"ಇನ್ನು ಮೇಲೆ ನಿನ್ನ ಹೆಸರಿನ ಪಕ್ಕ ನನ್ನದೂ ಇರಲಿ, ಅಪ್ಪ."

"ಮೊದಲೇ ಕೇಳಬಾರದಿತ್ತೇನೇ?" ಎಂದ ಅವನು.

ಅಂದಿನಿಂದ ಆ ರಾಜ್ಯದ ಬಿಲ್ಲೆಗಳ ಮೇಲೆ ಎರಡೆರಡು ಹೆಸರು. ಕಮ್ಮಾರರೆಲ್ಲ ಅವರವರ ಮನೆ ಸೇರಿ, ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಸುಖವಾಗಿದ್ದರು.

ಹಾಂ, ಕೈಗಾಪು! ಬಿಲ್ಲೆಗೆ ನಮ್ಮೂರಲ್ಲಿ ಅನ್ನುತ್ತಿದ್ದ ಮಾತು ಅದೇ. ಪುಟ್ಟಿ, ನನ್ನ ಕೈ ಸೋತಿದೆ, ಈ ಕಥೆಯನ್ನ ನೀನೇ ಬರೆದುಕೊಳ್ಳೇ. ಕೆಳಗೆ ನನ್ನ ಹೆಸರು ಹಾಕು. ಪಕ್ಕದಲ್ಲಿ ನಿನ್ನದೂ.