ವೀಳ್ಯ ಹಿಡಿದ ಕೈ

"ಅಮ್ಮಾ, ಮಕ್ಕಳನ್ನ ಕರ್ಕೊಂಡು ಒಳಗೆ ಬರೋ ಹಾಗಿಲ್ಲ. ನೀವು ಯಾರ ತಾಯಿ? ಹೆಸರು ಹೇಳಿ, ನಿಮ್ಮ ಹುಡುಗನನ್ನ ಹೊರಗೆ ಕಳಿಸ್ತೀನಿ."

ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದ ಗಿರಿಜವ್ವನ ಮುಖ ಕೆಂಪಾಯಿತು. ಒಳಗಿದ್ದ ಮೂವತ್ತು ಹುಡುಗರು, ಇಬ್ಬರು ಹುಡುಗಿಯರು ಒಟ್ಟಿಗೆ ತಿರುಗಿ ನೋಡಿದರು. ಅವಳ ಸೆರಗಿನ ತುದಿಯನ್ನು ಆರು ವರ್ಷದ ಪರಿಮಳಾ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನಾ ಯಾರ ತಾಯಿನೂ ಅಲ್ರೀ ಸರ್... ಅಂದ್ರ, ಈಕಿ ತಾಯಿ ಹೌದು." ಗಿರಿಜವ್ವ ತಡವರಿಸಿದಳು. ಆಮೇಲೆ ತಲೆ ಎತ್ತಿದಳು. "ರೋಲ್ ನಂಬರ್ ಮೂವತ್ತಮೂರು ನಾನ!"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಡೆಮಾನ್‌ಸ್ಟ್ರೇಟರ್ ಚಂದ್ರಶೇಖರಪ್ಪ ಹಾಜರಿ ಪುಸ್ತಕ ನೋಡಿದ, ಅವಳನ್ನು ನೋಡಿದ, ಮತ್ತೆ ಪುಸ್ತಕವನ್ನೇ ನೋಡಿದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಮೂವತ್ತೊಂದು ವರ್ಷದ ಈ ಮನುಷ್ಯನಿಗೆ ವಿದ್ಯಾರ್ಥಿನಿಯೊಬ್ಬಳು ಇಪ್ಪತ್ತೇಳರವಳು ಇರಬಹುದೆಂದು ಹೊಳೆದೇ ಇರಲಿಲ್ಲ.

"ಈಕಿನ್ನ ನೋಡ್ಕೊಳ್ಳೋರು ಇವತ್ತು ಊರಾಗಿಲ್ರೀ..." ಎಂದಳು ಗಿರಿಜವ್ವ, ಸಣ್ಣ ದನಿಯಲ್ಲಿ.

ಅವನು ತನ್ನ ಸ್ಟೂಲನ್ನು ಎತ್ತಿ ಬಾಗಿಲ ಪಕ್ಕಕ್ಕೆ ಇಟ್ಟ. "ಕೂತ್ಕೋ ಪುಟ್ಟಿ. ಇವತ್ತೊಂದು ದಿನ ಮಾತ್ರ!"

ಇವತ್ತೊಂದು ದಿನವಂತೆ! ಪರಿಮಳಾ ಶಾಲೆಗೆ ಸೇರಿದ ಮೇಲೂ ಆ ಸ್ಟೂಲು ವರ್ಷವಿಡೀ ಅಲ್ಲಿಂದ ಕದಲಲಿಲ್ಲ.

ಅದು ೧೯೬೪ರ ಜೂನ್. ಶಿರಸಿಯ ಆ ಕಾಲೇಜು ಇನ್ನೂ ಹೊಸದು. ಡಾಕ್ಟರಾಗಬೇಕೆಂದವರು ಮೊದಲು ಓದಬೇಕಾದ ವಿಜ್ಞಾನದ ತರಗತಿ ಅದು. ಅದರಲ್ಲಿ ಒಳ್ಳೆಯ ಅಂಕ ಬಂದರೆ ಹುಬ್ಬಳ್ಳಿಯ ಮೆಡಿಕಲ್ ಕಾಲೇಜು, ಇಲ್ಲವಾದರೆ ಇಲ್ಲ.

ಗಿರಿಜವ್ವ ಗೌರಕ್ಕ ಎಂಬ ದೂರದ ಬಳಗದವಳ ಮನೆಯ ಹಿಂದಿನ ಕೋಣೆಯಲ್ಲಿ ಮಗಳೊಂದಿಗೆ ಇದ್ದಳು. ಬೆಳಗಿನ ಐದಕ್ಕೆ ಎದ್ದು, ಗೋಡೆಗೆ ಅಂಟಿಸಿದ ಕಪ್ಪೆಯ ರಕ್ತನಾಳದ ಚಿತ್ರ ನೋಡುತ್ತಲೇ ರೊಟ್ಟಿ ಬಡಿಯುವಳು. ಮಗಳಿಗೆ ಜಡೆ ಹಾಕುತ್ತ ರಸಾಯನಶಾಸ್ತ್ರದ ಸೂತ್ರ ಒಪ್ಪಿಸುವಳು. ಪರಿಮಳಾಗೆ ಮಗ್ಗಿ ಬರುವ ಮೊದಲೇ ಫೀಮರ್, ಟಿಬಿಯಾ ಎಂದು ಕಾಲಿನ ಎಲುಬುಗಳ ಹೆಸರು ಬಾಯಿಗೆ ಬಂದವು.

ಕಪ್ಪೆ ಕೊಯ್ಯುವ ದಿನಗಳು ಮಾತ್ರ ಕಷ್ಟ. "ಕೊಳ್ಳಾಗ ಲಿಂಗ ಕಟ್ಕೊಂಡು ಕಪ್ಪಿ ಕೊಯ್ಯಾಕ ಹೋಗ್ತೀಯಲ್ಲ ಯವ್ವಾ! ಮೈ ತೊಳ್ಕೊಳ್ಳೂತನ ಕೂಸಿನ್ನ ಮುಟ್ಟಬ್ಯಾಡ ನೋಡು!" ಎಂದು ಗೌರಕ್ಕ ಹಿತ್ತಿಲ ಬಾಗಿಲಲ್ಲೇ ತಡೆಯುವಳು. ತಾಯಿ ತಣ್ಣೀರು ಸುರಿದುಕೊಂಡು ನಡುಗುತ್ತ ಬರುವವರೆಗೆ ಮಗಳು ಹೊಸ್ತಿಲ ಒಳಗೆ ಕೈಚಾಚಿ ನಿಂತಿರುತ್ತಿದ್ದಳು.

ಡಿಸೆಂಬರಿನಲ್ಲಿ ಪರಿಮಳಾಗೆ ಜ್ವರ ಬಂದು ಗಿರಿಜವ್ವ ಒಂಬತ್ತು ದಿನ ಕಾಲೇಜಿಗೆ ಹೋಗಲಿಲ್ಲ. ಹತ್ತನೆಯ ದಿನ ಚಂದ್ರಶೇಖರಪ್ಪ ನೋಟ್ಸು ಹಿಡಿದು ಬೀದಿಯಲ್ಲಿ ನಿಂತಿದ್ದ.

"ಒಳಗ ಬರ್ರಿ ಸರ್."

"ಬೇಡ, ಜನ ನೋಡ್ತಾರೆ." ಅವನು ಅನುಮಾನಿಸಿ ಕೇಳಿದ, "ಒಂದು ಮಾತು... ಇಷ್ಟು ಕಷ್ಟಪಟ್ಟು ಯಾಕೆ ಓದ್ತೀರಿ?"

ಗಿರಿಜವ್ವ ಒಳಗೆ ಮಲಗಿದ್ದ ಮಗಳ ಕಡೆ ಒಮ್ಮೆ ನೋಡಿದಳು.

"ನನ್ನ ಎರಡನೇ ಬಾಣಂತನ ಗಂಡನ ಊರು ಎಕ್ಕಂಬ್ಯಾಗ ಆತ್ರೀ. ಮೂರು ದಿನ ಬ್ಯಾನಿ ತಿಂದೆ. ನನ್ನ ಗಂಡ ಶಿರಸಿಯಿಂದ ಡಾಕ್ಟರನ್ನ ಕರ್ಕೊಂಡು ಬಂದ್ರು. ಗಂಡಸು ಒಳಗ ಬರಬಾರ್ದು ಅಂತ ನಮ್ಮ ಅತ್ತಿ ಬಾಗಲಾ ಹಿಡ್ಕೊಂಡು ನಿಂತ್ರು. ಡಾಕ್ಟರ್ ಕಟ್ಟಿ ಮ್ಯಾಲ ಕುಂತು ಚಾ ಕುಡದು ಹೋದ್ರು... ಗಂಡು ಕೂಸು. ಸತ್ತ ಹುಟ್ಟಿತು."

ಅವನು ತಲೆ ಬಗ್ಗಿಸಿ ಕೈಯಲ್ಲಿದ್ದ ಹಾಳೆಗಳನ್ನು ಜೋಡಿಸತೊಡಗಿದ.

"ನೀ ಮೆಟ್ರಿಕ್ ಪಾಸಾದಾಕಿ, ನೀನ ಯಾಕ ಡಾಕ್ಟರ್ ಆಗಬಾರ್ದು ಅಂದ್ರು ನನ್ನ ಗಂಡ. ವರ್ಷದಾಗ ಅವರೂ ಜ್ವರದಾಗ ಹೋದ್ರು."

ಚಂದ್ರಶೇಖರಪ್ಪ ನೋಟ್ಸು ಕೊಟ್ಟು ಹೊರಟುಹೋದ. ಆದರೆ ಅಂದಿನಿಂದ ಗಿರಿಜವ್ವನ ಮನಸ್ಸು ಅವನ ಹೆಜ್ಜೆಯ ಸಪ್ಪಳಕ್ಕೆ ಕಾಯತೊಡಗಿತು. 'ಛೀ, ಇದೇನು ನನಗ!' ಎಂದು ತನ್ನನ್ನೇ ಬೈದುಕೊಂಡಳು. ಪುಸ್ತಕ ತೆರೆದಳು. ಸಾಲುಗಳು ತಲೆಗೆ ಹತ್ತಲಿಲ್ಲ...

ಫೆಬ್ರವರಿಯ ಒಂದು ಸಂಜೆ ಅವನೇ ಬಾಯಿಬಿಟ್ಟ. "ಗಿರಿಜಾ... ನಿಮ್ಮ ಮನೆಯವರನ್ನ ಕೇಳ್ಲಾ?"

ಏನು ಕೇಳುವುದೆಂದು ಅವಳಿಗೆ ಅರ್ಥವಾಯಿತು. "ಪರೀಕ್ಷಿ ಮುಗೀಲ್ರೀ ಸರ್. ಆಮ್ಯಾಲ ನಾನ ಹೇಳ್ತೀನಿ."

ಅವಳು ಅಷ್ಟು ಹೇಳಿದ್ದು ಸಾಕಿತ್ತು. ಅವನು ಕಾಯಬೇಕಿತ್ತು. ಕಾಯಲಿಲ್ಲ!

ಮಾರ್ಚಿನಲ್ಲಿ ಪ್ರಿನ್ಸಿಪಾಲರಿಗೆ ಹೆಸರಿಲ್ಲದ ಕಾಗದ ಬಂತು. 'ನಿಮ್ಮ ಡೆಮಾನ್‌ಸ್ಟ್ರೇಟರ್ ಒಬ್ಬ ವಿಧವೆಯ ಮನೆ ಮುಂದೆ ನಿಲ್ಲುತ್ತಾನೆ' ಎಂದು. ಗೌರವವಾಗಿ ಹೋಗಿ ಹೆಣ್ಣು ಕೇಳಿಬಿಟ್ಟರೆ ಈ ಬಾಯಿಗಳೆಲ್ಲ ಮುಚ್ಚುತ್ತವೆ ಎಂದುಕೊಂಡ ಚಂದ್ರಶೇಖರಪ್ಪ. ಅವನಿಗೆ ತಂದೆತಾಯಿ ಇರಲಿಲ್ಲ. ಶಿವಮೊಗ್ಗದ ಕಡೆಯ ಮಠದ ಹಾಸ್ಟೆಲಿನಲ್ಲಿ ಬೆಳೆದವನು. ಬುದ್ಧಿ ಹೇಳುವ ಹಿರಿಯರನ್ನು ಎಲ್ಲಿಂದ ತರಬೇಕು? ಒಬ್ಬನೇ ಹೊಸ ಸೀರೆ ತೆಗೆದುಕೊಂಡು ಭಾನುವಾರದ ಬಸ್ಸು ಹತ್ತಿ ಎಕ್ಕಂಬಿಗೆ ಹೋದ.

ಅವಳ ಗಂಡ ವೀರಪ್ಪನ ಅಣ್ಣ ಅಂದಾನಪ್ಪ ಚೆನ್ನಾಗಿಯೇ ಬರಮಾಡಿಕೊಂಡ. ನಾಲ್ಕು ಜನ ಹಿರಿಯರನ್ನು ಕರೆಸಿದ. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಕಳಿಸುವ ಉಡಿಕೆ ಅವರಲ್ಲಿ ಹೊಸದೇನಲ್ಲ. ಆದರೆ ಅದಕ್ಕೊಂದು ಕಟ್ಟುಪಾಡು ಇತ್ತು. ಉಡಿಕೆಯಾಗಿ ಹೋಗುವವಳು ಒಬ್ಬಳೇ ಹೋಗಬೇಕು. ಮೊದಲ ಗಂಡನ ಮಕ್ಕಳು ಅವನ ಮನೆತನಕ್ಕೆ ಸೇರಿದವರು. ಕೇಳಲು ಬಂದವನು ಮನೆಯ ಹಿರಿಯನ ಕೈಯಿಂದ ವೀಳ್ಯ ಹಿಡಿದನೆಂದರೆ ಅದಕ್ಕೆ ಒಪ್ಪಿದನೆಂದೇ ಲೆಕ್ಕ.

ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಹೇಳುತ್ತಾರೆ? ಅಂದಾನಪ್ಪ ಎಲೆ ಅಡಿಕೆಯ ತಟ್ಟೆ ಮುಂದೆ ಹಿಡಿದ. ಬೇಡವೆಂದರೆ ಅವಮಾನವಾದೀತೆಂದು ಚಂದ್ರಶೇಖರಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡ, ನಕ್ಕ, ನಮಸ್ಕಾರ ಮಾಡಿದ. ಪರೀಕ್ಷೆ ಮುಗಿದ ದಿನ ಗಿರಿಜಾಗೆ ಹೇಳಿ ಆಶ್ಚರ್ಯಪಡಿಸಬೇಕೆಂದು ಗುಟ್ಟಾಗಿಟ್ಟುಕೊಂಡ.

ಏಪ್ರಿಲ್ ಹನ್ನೆರಡು. ಪ್ರಾಣಿಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಧಾರವಾಡದಿಂದ ಪರೀಕ್ಷಕರು ಬಂದಿದ್ದರು. ಬಿಳಿ ಏಪ್ರನ್ ತೊಟ್ಟ ಗಿರಿಜವ್ವ ಸಾಲಿನಲ್ಲಿ ನಿಂತಿದ್ದಳು. ಹನ್ನೊಂದಕ್ಕೆ ಐದು ನಿಮಿಷ.

"ಗಿರಿಜಾ... ಯವ್ವಾ ಗಿರಿಜಾ!" ಗೌರಕ್ಕ ಏದುಸಿರು ಬಿಡುತ್ತ ಓಡಿ ಬಂದಳು. "ಅಂದಾನಪ್ಪ ಬಂದಿದ್ದ... ಸಾಲಿ ಅಂಗಳದಾಗಿಂದ ಕೂಸಿನ್ನ ಎತಗೊಂಡು ಹೋದ! ವೀಳ್ಯ ಆಗೈತಿ, ಕೂಸು ನಮ್ಮದು ಅಂದ. ಕೂಸು ಚೀರತಿತ್ತು..."

ಗಿರಿಜವ್ವನಿಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮೆಲ್ಲಗೆ ಬಾಗಿಲ ಕಡೆ ತಿರುಗಿದಳು. ಅಲ್ಲಿ ಚಂದ್ರಶೇಖರಪ್ಪ ಪ್ರಶ್ನೆಯ ಚೀಟಿಗಳನ್ನು ಹಿಡಿದು ನಿಂತಿದ್ದ.

"ನೀವು ಎಕ್ಕಂಬಿಗೆ ಹೋಗಿದ್ರ್ಯಾ?"

"ಹೌದು... ಪರೀಕ್ಷೆ ಆದಮೇಲೆ ಹೇಳೋಣ ಅಂತ..."

"ಎಲಿ ಅಡಿಕಿ ತಗೊಂಡ್ರ್ಯಾ?"

"ಕೊಟ್ಟರು... ತಗೊಂಡೆ. ಯಾಕೆ, ಏನಾಯ್ತು ಗಿರಿಜಾ?"

"ನನ್ನ ಮಗಳನ್ನ ಕೊಟ್ಟು ಬಂದ್ರಿ!" ಅವಳ ದನಿ ಒಡೆಯಿತು. "ಎರಡು ಎಲಿಗೆ ನನ್ನ ಮಗಳನ್ನ ಕೊಟ್ಟು ಬಂದ್ರಿ!"

ಗೌರಕ್ಕ ಅಳುತ್ತಲೇ ಆ ಕಟ್ಟುಪಾಡನ್ನು ವಿವರಿಸಿದಳು. ಅವನ ಮುಖ ಬಿಳಿಚಿಕೊಂಡಿತು. "ನನಗೆ ಗೊತ್ತಿರಲಿಲ್ಲ... ದೇವರಾಣೆ ಗೊತ್ತಿರಲಿಲ್ಲ!"

"ಕಾಯ್ರಿ ಅಂದಿದ್ದೆ. ಅಷ್ಟ ಕೇಳಿದ್ದೆ ನಿಮ್ಮನ್ನ."

ಗಂಟೆ ಬಾರಿಸಿತು. ಹುಡುಗರು ಒಳಗೆ ನುಗ್ಗಿದರು. ಗಿರಿಜವ್ವ ಏಪ್ರನ್ ಬಿಚ್ಚತೊಡಗಿದಳು.

"ಗಿರಿಜಾ, ಬೇಡ! ಪರೀಕ್ಷೆ ಮುಗಿಸಿ ಹೋಗಿ. ಈ ಒಂದು ವಿಷಯ ಹೋದರೆ ವರ್ಷ ಹೋಯ್ತು!"

ಅವಳಿಗೆ ಅದು ಗೊತ್ತಿಲ್ಲವೇ? ಆ ಹತ್ತು ತಿಂಗಳ ಒಂದೊಂದು ಬೆಳಗೂ ಅವಳಿಗೆ ಗೊತ್ತಿತ್ತು. ಒಳಗೆ ಅವಳ ತಟ್ಟೆ, ಅವಳ ಕತ್ತರಿ, ಅವಳ ನಂಬರಿನ ಚೀಟಿ ಕಾಯುತ್ತಿದ್ದವು. ಒಂದು ಗಳಿಗೆ ಅವಳ ಕಾಲು ಒಳಗೇ ಎಳೆಯಿತು ಎಂಬುದನ್ನು ಮುಚ್ಚಿಡುವುದೇಕೆ? ಆಮೇಲೆ ಏಪ್ರನ್ ಅವನ ಕೈಗೆ ಹಾಕಿ ಬಸ್‌ಸ್ಟ್ಯಾಂಡಿಗೆ ಓಡಿದಳು.

ಎಕ್ಕಂಬಿಯ ಮನೆಯ ಕದ ಹಾಕಿತ್ತು. ಒಳಗಿನಿಂದ ಪರಿಮಳಾಳ ಅಳು ಕೇಳಿಸುತ್ತಿತ್ತು. "ಅವ್ವಾ... ಅವ್ವಾ..."

"ಭಾವಾರ, ಕದಾ ತಗೀರಿ! ನನಗ ಉಡಿಕಿ ಬ್ಯಾಡ, ಯಾರೂ ಬ್ಯಾಡ! ನನ್ನ ಕೂಸು ಕೊಡ್ರಿ!"

ಅಂದಾನಪ್ಪ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಕೆಟ್ಟವನಲ್ಲ ಅವನು. ತಮ್ಮನ ಒಂದೇ ಕುಡಿ ಬೇರೆಯವರ ಪಾಲಾಗಬಾರದೆಂಬ ಹಟ ಅವನದು.

"ನಾ ಕಸಗೊಂಡಿಲ್ಲ ತಂಗಿ. ನೀವ ಕೊಟ್ಟೀರಿ. ಬ್ಯಾಡ ಅಂತ ನೀ ಹೇಳಿದ್ರ ನಡಿಯೂದಿಲ್ಲ. ವೀಳ್ಯ ಹಿಡದಾವ ಬಂದು ಹಿರ್ಯಾರ ಮುಂದ ತಿರುಗಿ ಕೊಡಬೇಕು. ಹಂಗ ಕೊಟ್ರ ಅಂವ ಮುಂದ ಯಾವತ್ತೂ ನಮ್ಮನಿಗೆ ಬಂದು ನಿನ್ನ ಕೇಳೂ ಹಂಗಿಲ್ಲ."

ಮುಸ್ಸಂಜೆಯ ಬಸ್ಸಿನಲ್ಲಿ ಅವಳು ಒಬ್ಬಳೇ ಶಿರಸಿಗೆ ಮರಳಿದಳು. ಚಂದ್ರಶೇಖರಪ್ಪ ಬಸ್‌ಸ್ಟ್ಯಾಂಡಿನಲ್ಲೇ ಇದ್ದ. ಅವಳು ಅವನ ಮುಖ ನೋಡಲಿಲ್ಲ.

"ವೀಳ್ಯ ತಿರುಗಿ ಕೊಟ್ಟು ಬರ್ರಿ. ಕೊಟ್ಟ ಮ್ಯಾಲ ನೀವು ನನ್ನ ಕೇಳೂ ಹಂಗಿಲ್ಲಂತ. ಕೊಟ್ಟು ಬರ್ರಿ."

ಅವನು ಮರುದಿನದ ಮೊದಲ ಬಸ್ಸಿಗೆ ಹೊರಟ.

ನಾಲ್ಕನೆಯ ದಿನ ಅತ್ತೆ ಸಿದ್ದವ್ವ ಪರಿಮಳಾಳ ಕೈ ಹಿಡಿದು ಗೌರಕ್ಕನ ಬಾಗಿಲಿಗೆ ಬಂದಳು. "ಹಿರ್ಯಾರ ಮುಂದ ಅಡ್ಡಬಿದ್ದು ಕೊಟ್ಟು ಹೋದ ಆ ಮನಷ್ಯಾ. ಮಂದಿ ನಕ್ರು. ಅಂದಾನಿ ಆದ್ರೂ ಕೂಸಿನ್ನ ಇನ್ನಷ್ಟು ದಿನ ಇಟಗೊಳ್ಳೂಣು ಅಂದ. ನಾ ಬಿಡಲಿಲ್ಲ." ಮುದುಕಿಯ ಕಣ್ಣು ತುಂಬಿತು. "ಅವತ್ತು ಬಾಗಲಾ ಹಿಡ್ಕೊಂಡು ನಿಂತಾಕಿ ನಾನ ಅಲ್ಲೇನು ಗಿರಿಜಾ..."

ಗಿರಿಜವ್ವ ಮಗಳನ್ನು ಬಾಚಿ ತಬ್ಬಿದಳು. ಕೂಸು ಮರದ ತುಂಡಿನಂತೆ ನಿಂತಿತ್ತು. ಎರಡು ದಿನ ಮಾತಾಡಲಿಲ್ಲ, ಊಟ ಮುಟ್ಟಲಿಲ್ಲ. ಮೂರನೆಯ ದಿನ ಕೇಳಿತು:

"ಅವ್ವಾ, ಎಲಿ ಅಡಿಕಿ ತಗೊಂಡು ನನ್ನ ಕೊಟ್ಟಿದ್ದೇನು?"

"ಇಲ್ಲ ಕಂದಾ! ಇಲ್ಲ..." ಇಬ್ಬರೂ ಅತ್ತರು. ಮಗಳು ನಂಬಿದಳೋ ಇಲ್ಲವೋ, ತಾಯಿಗೆ ತಿಳಿಯಲಿಲ್ಲ.

ಮೇ ಕೊನೆಗೆ ಫಲಿತಾಂಶ ಬಂತು. ರೋಲ್ ನಂಬರ್ ಮೂವತ್ತಮೂರು, ಅನುತ್ತೀರ್ಣ. ಬರೆದ ವಿಷಯಗಳಲ್ಲಿ ಅವಳದೇ ಹೆಚ್ಚಿನ ಅಂಕ. ಏನು ಪ್ರಯೋಜನ? ಮತ್ತೆ ಒಂದು ವರ್ಷ ಹುಡುಗರ ನಡುವೆ ಅದೇ ಬೆಂಚು.

ಅದೇ ವಾರ ಚಂದ್ರಶೇಖರಪ್ಪ ಯಲ್ಲಾಪುರದ ಹೈಸ್ಕೂಲಿಗೆ ಕೆಲಸ ಬದಲಿಸಿಕೊಂಡು ಹೊರಟಿದ್ದಾನೆಂದು ಗೌರಕ್ಕ ಸುದ್ದಿ ತಂದಳು. ಗಿರಿಜವ್ವ ಒಲೆಯ ಮುಂದೆ ಅರ್ಧ ಗಂಟೆ ಸುಮ್ಮನೆ ಕುಳಿತಳು. 'ಹೋಗಲಿ. ಹೋದ್ರ ಚಲೋ.' ಹಾಗೆಂದುಕೊಂಡವಳೇ ಎದ್ದು ಮಗಳ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದಳು.

ಟ್ರಂಕಿನ ಮೇಲೆ ಕುಳಿತಿದ್ದ ಅವನು ದಡಕ್ಕನೆ ಎದ್ದ. ಸೊರಗಿಹೋಗಿದ್ದ.

"ಯಾಕ ಹೊಂಟೀರಿ?"

"ನಾನು ಇಲ್ಲಿದ್ದರೆ ನಿಮ್ಮನ್ನ ಓದೋದಕ್ಕೆ ಬಿಡಲ್ಲ ಜನ. ನಿಮ್ಮ ಒಂದು ವರ್ಷ ನಾನು ಹಾಳು ಮಾಡಿದ್ದೇ ಸಾಕು..." ಅವನು ಪರಿಮಳಾಳ ಕಡೆ ನೋಡಿದ. "ಕ್ಷಮಿಸಿ ಅನ್ನೋ ಯೋಗ್ಯತೆನೂ ಇಲ್ಲ ನನಗೆ."

"ಮತ್ತ ನನ್ನ ಏನೂ ಕೇಳೂದಿಲ್ಲ?"

"ಕೇಳೋ ಹಾಗಿಲ್ಲ ಅಂತ ಹಿರಿಯರ ಮುಂದೆ ಒಪ್ಪಿ ಬಂದಿದ್ದೀನಿ ಗಿರಿಜಾ."

"ಅವರನ್ನ ಕೇಳೂ ಹಂಗಿಲ್ಲ!" ಅವಳ ಕಣ್ಣಲ್ಲಿ ಸಿಟ್ಟೂ ನೀರೂ ಒಟ್ಟಿಗೆ ಬಂದವು. "ನನ್ನ ಭಾವನ್ನ ಕೇಳಿದ್ರಿ, ಊರ ಹಿರ್ಯಾರ್ನ ಕೇಳಿದ್ರಿ. ನನ್ನ ಕೇಳ್ರಿ ಸರ್! ನನ್ನ ಒಬ್ಬಾಕಿನ್ನ ಬಿಟ್ಟು ಎಲ್ಲಾರ್ನೂ ಕೇಳಿದ್ರಲ್ಲ..."

ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ನೋಡುತ್ತಿದ್ದರು. ಈ ಸಲ ಅವನಿಗೆ ಅವರ ನೆನಪೂ ಬರಲಿಲ್ಲ.

"ಗಿರಿಜಾ, ನನ್ನನ್ನ ಮದುವೆ ಆಗ್ತೀರಾ?"

"ಈಗ ಇಲ್ರೀ."

ಅವನು ತಲೆ ತಗ್ಗಿಸಿದ.

"ಪೂರಾ ಕೇಳ್ರಿ. ಇಲ್ಲಿ ಇನ್ನೊಂದು ವರ್ಷ, ಹುಬ್ಬಳ್ಳಿಯಾಗ ಐದೂವರಿ. ಅಷ್ಟರಾಗ ಪರಿಮಳಾ ಹದಿಮೂರು ದಾಟಿರ್ತಾಳ. ಆಗ ಆಕಿನ್ನ ಯಾರೂ ಎತಗೊಂಡು ಓಡಾಕ ಆಗೂದಿಲ್ಲ. ನಾ ನಮ್ಮವ್ವನ ಹತ್ರ ಇರ್ತೀನಿ ಅಂತ ತನ್ನ ಬಾಯಿಲೆ ತಾನ ಹೇಳ್ತಾಳ. ಅವತ್ತು ಆಗ್ತೀನಿ, ನೀವು ಇದ್ರ."

"ಇರ್ತೀನಿ."

"ತಲಿ ಹಣ್ಣಾಗಿರತೈತಿ ನಿಮ್ಮದು."

"ಈಗಲೇ ಶುರುವಾಗಿದೆ."

ಎಷ್ಟೋ ದಿನಗಳ ಮೇಲೆ ಗಿರಿಜವ್ವನಿಗೆ ನಗು ಬಂತು. ನಗುತ್ತಲೇ ಅತ್ತಳು. ಕಂಡಕ್ಟರ್ ಸೀಟಿ ಊದಿದ.

"ಮುಂದಿನ ವರ್ಷ ನೀವು ಹುಬ್ಬಳ್ಳಿಗೆ ಹೋಗುವಾಗ ಯಲ್ಲಾಪುರದ ಮೇಲಿನ ಬಸ್ಸಿಗೆ ಬನ್ನಿ. ಅಲ್ಲಿ ಹತ್ತು ನಿಮಿಷ ನಿಲ್ಲುತ್ತೆ. ನಾನು ನಿಂತಿರ್ತೀನಿ."

"ಆತು. ನಾ ಕಿಟಕಿ ಕಡೆ ಕುಂತಿರ್ತೀನಿ."

ಇಷ್ಟು ಹೊತ್ತೂ ತಾಯಿಯ ಸೆರಗಿನ ಮರೆಯಲ್ಲಿದ್ದ ಪರಿಮಳಾ ತಲೆ ಹೊರಗೆ ಹಾಕಿದಳು. ಅವನನ್ನು ದಿಟ್ಟಿಸಿ ನೋಡಿದಳು.

"ಕಿಟಕಿ ಕಡೆ ನಾ ಕುಂದ್ರಾಕಿ!"

"ಸರಿ ಪುಟ್ಟಿ. ನೀನೇ ಕೂತ್ಕೋ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ.