ಡೆಲ್ವಿನ್ನನ ಕೊನೆಯ ಸುತ್ತು

"ಆ ಕೊನೆಯ ಸುತ್ತನ್ನ ಎಲ್ಲಿದೆಯೋ ಅಲ್ಲೇ ಬಿಟ್ಬಿಡು ಕಂದಾ," ಎಂದರು ಮಿಸ್ ಲುವಿನಿಯಾ, ಟೇಪಿನ ಡಬ್ಬಿಯ ಮೇಲಿಂದ ಕೈ ತೆಗೆಯದೆ. "ಅದನ್ನ ಬಿಚ್ಚಬೇಡ."

ಹೆನ್ನಿಂಗ್ ವಿನಯದಿಂದ ತಲೆಯಾಡಿಸಿದ. ಡಬ್ಬಿ ಇನ್ನೂ ಕೈಗೆ ಬಂದಿರಲಿಲ್ಲವಲ್ಲ. ಹಳೆಯ ಟೆಕ್ನೋ ಹಾಡುಗಳನ್ನು ತೊಳೆದು ಬಳಿದು ಇಂದಿನ ಕುಣಿತಕ್ಕೆ ಮತ್ತೆ ಅಚ್ಚು ಹಾಕಿಸುವುದು ಅವನ ಕಸುಬು. ಅದಕ್ಕೆಂದೇ ಬರ್ಲಿನ್ನಿನಿಂದ ಡೆಟ್ರಾಯಿಟ್‌ಗೆ ಬಂದಿದ್ದ. ಅವನ ಬಲಗಿವಿಯ ಸೂಕ್ಷ್ಮವನ್ನು ಆ ವೃತ್ತಿಯವರೆಲ್ಲ ಕೊಂಡಾಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಅವನೇ.

ಲುವಿನಿಯಾರ ತಮ್ಮ ಡೆಲ್ವಿನ್ ಮೂವತ್ತು ವರ್ಷದ ಹಿಂದೆ ಇದೇ ಮನೆಯ ನೆಲಮಾಳಿಗೆಯಲ್ಲಿ ಮಾಡಿದ್ದು ಒಂದೇ ರೆಕಾರ್ಡು. ಅದರ ಕೊನೆಯ ಗೀರು ವೃತ್ತವಾಗಿ ಮುಚ್ಚಿಕೊಳ್ಳುತ್ತಿತ್ತು. ಯಾರಾದರೂ ಮುಳ್ಳನ್ನು ಎತ್ತುವತನಕ ಒಂದೇ ಬಡಿತ ಸುತ್ತುತ್ತಲೇ ಇರುತ್ತಿತ್ತು. ಡಬ್ಬಿಯಲ್ಲಿದ್ದದ್ದು ಅದರ ಮೂಲ ಟೇಪು; ಆ ಬಡಿತದ ತುಂಡನ್ನು ಅದರಲ್ಲೂ ಉಂಗುರವಾಗಿ ಅಂಟಿಸಿದ್ದರು. ಆಗದವರು ಯಾರೋ ಹೊಸ್ತಿಲಿಗೆ ಮಾಟದ ಪುಡಿ ಉದುರಿಸಿದ್ದರಂತೆ, ಡೆಲ್ವಿನ್ ತುಳಿದನಂತೆ. ಚರ್ಮದ ಕೆಳಗೆ ಏನೋ ಹುಳದಂತೆ ಓಡಾಡತೊಡಗಿತಂತೆ. ಬೇರುನಾರಿನ ವಿದ್ಯೆ ಬಲ್ಲ ತಾಯಿ ಅದರ ನಡಿಗೆಯ ತಾಳವನ್ನೇ ಮಗನಿಂದ ಟೇಪಿಗಿಳಿಸಿ, ಆ ವೃತ್ತದೊಳಗೆ ಕೂಡಿಹಾಕಿದಳಂತೆ. ಮಗ ಉಳಿಯಲಿಲ್ಲ, ಅದು ಹೊರಬರಲಿಲ್ಲ.

"ಹುಳ ಇಷ್ಟು ಚೆನ್ನಾಗಿ ತಾಳ ಹಾಕುತ್ತೆ ಅಂದ್ರೆ, ಕವರ್ ಮೇಲೆ ಅದರ ಹೆಸರೂ ಹಾಕಿಸ್ತೀನಿ," ಎಂದ ಹೆನ್ನಿಂಗ್.

"ಹಾಕಿಸು. ಹೆಸರು ಹಿಡಿದು ಕರೆದ್ರೆ ಅದಕ್ಕೂ ಖುಷಿಯೇ," ಎಂದು ಅವರು ಕೈ ತೆಗೆದರು.

ಹಳೆಯ ಟೇಪಿನ ಅಂಟು ಕೊಳೆತಿರುತ್ತದೆ. ಹದವಾದ ಬಿಸಿಯಲ್ಲಿ ಎಂಟು ಗಂಟೆ ಬೇಯಿಸದೆ ಅದನ್ನು ನುಡಿಸುವಂತಿಲ್ಲ. ಬಾಡಿಗೆ ಸ್ಟುಡಿಯೋದಲ್ಲಿ, ಹಣ್ಣು ಒಣಗಿಸುವ ಪೆಟ್ಟಿಗೆಯೊಳಗೆ ಹೆನ್ನಿಂಗ್ ಅದನ್ನಿಟ್ಟ. ಮೊದಲು ಮೇಣದ ವಾಸನೆ. ಆಮೇಲೆ ಒದ್ದೆ ನಾಯಿಯದು. ಕೊನೆಗೆ, ವಾರಗಟ್ಟಲೆ ಬಿಚ್ಚದ ಗಾಯದ ಬಟ್ಟೆಯನ್ನು ಮೂಗಿನಡಿ ಬಿಚ್ಚಿದಂತೆ. ನುಡಿಸಿದಾಗ, ಟೇಪು ಉಜ್ಜಿಕೊಂಡು ಹೋಗುವ ಯಂತ್ರದ ಮೂತಿಗೆ ಕಂದು ಲೋಳೆ ಮೆತ್ತಿತು. ಹತ್ತಿಕಡ್ಡಿಯಿಂದ ಒರೆಸಿದ. ಬೆಚ್ಚಗಿತ್ತು. ನೂಲೆಳೆಯಿತು.

ಇಂದಿನ ಡೀಜೆಗಳಿಗೆ ತಾಳ್ಮೆಯಿಲ್ಲ. ಹಿಂದಿನ ಹಾಡಿನೊಳಕ್ಕೆ ಬೆಸೆಯಲು ಮುಂಭಾಗದಲ್ಲಿ ಒಂದು ನಿಮಿಷ ಬರಿಯ ಬಡಿತವಿಲ್ಲದಿದ್ದರೆ ಹಾಡನ್ನು ಮುಟ್ಟುವುದಿಲ್ಲ. ಡೆಲ್ವಿನ್ನನ ಹಾಡು ಮಾತ್ರ ರಾಗದಿಂದಲೇ ಶುರುವಾಗುತ್ತಿತ್ತು. ಬರಿಯ ಬಡಿತ ಇದ್ದದ್ದು ಒಂದೇ ಕಡೆ. ಹೆನ್ನಿಂಗ್ ಆ ಮುಚ್ಚಿದ ಸುತ್ತನ್ನು ಕತ್ತರಿಸಿ, ನೇರ ಮಾಡಿ, ನಿಮಿಷ ತುಂಬುವಷ್ಟು ಪ್ರತಿ ತೆಗೆದು ಜೋಡಿಸಿ, ಹಾಡಿನ ಆರಂಭಕ್ಕೆ ಅಂಟಿಸಿದ. ಮಧ್ಯಾಹ್ನ ಎರಡು ಗಂಟೆ. ಕಿಟಕಿಯಾಚೆ ಒಳ್ಳೆಯ ಬಿಸಿಲು.

ನುಡಿಸಿದ. ಬಡಿತ ಭರ್ಜರಿಯಾಗಿತ್ತು. ನಿಲ್ಲಿಸಿದ.

ನಿಲ್ಲಲಿಲ್ಲ.

ಬಲಗಿವಿಯೊಳಗೆ ಒದ್ದೆ. ಹತ್ತಿಕಡ್ಡಿ ತೂರಿಸಿದ. ಕಂದು ಲೋಳೆ. ಮತ್ತೆ ತೂರಿಸಿದ. ಒಳಗಿನಿಂದ ಏನೋ ಕಡ್ಡಿಯನ್ನು ಎಳೆಯಿತು. ಮೆಲ್ಲಗೆ. ತಾಳಕ್ಕೆ ಸರಿಯಾಗಿ. ದವಡೆಯಡಿ ಒಂದು ಗುಬುಟು ಎದ್ದಿತು. ಇಳಿಯಿತು. ಕುತ್ತಿಗೆಯಲ್ಲಿ ಎದ್ದಿತು. ಬಾಯ್ತುಂಬ ಆ ಗಾಯದ ವಾಸನೆ. ಉಗುಳಿದ. ಉಗುಳಿದ್ದು ಹರಿದಾಡಿತು.

ಅವನು ಓಡಿಬಂದಾಗ ಲುವಿನಿಯಾ ತಮ್ಮ ಅಡುಗೆಮನೆಯಲ್ಲಿ ಗೆಣಸು ಹೆರೆಯುತ್ತಿದ್ದರು. ಅವನ ಕುತ್ತಿಗೆ ನೋಡಿ ಚಾಕು ಕೆಳಗಿಟ್ಟರು.

"ನೇರ ಮಾಡ್ದೆ, ಅಲ್ವಾ?"

"ತೆಗೀರಿ."

"ತೆಗೆಯೋಕೆ ನಮ್ಮಮ್ಮನಿಗೇ ಬರ್ತಿರಲಿಲ್ಲ. ಸುತ್ತು ಕಟ್ಟಿ ಕೂರಿಸಬಹುದು, ಅಷ್ಟೇ. ಟೇಪಿಗೆ ಇನ್ನು ಹೋಗಲ್ಲ ಅದು, ಮೈಯ ರುಚಿ ಹತ್ತಿದೆ. ಆ ಕಿವಿ ಕೊಡ್ತೀಯೋ, ಇಡೀ ಮೈ ಕೊಡ್ತೀಯೋ?"

ಹೆನ್ನಿಂಗ್ ಜಗತ್ತಿಗೆಲ್ಲ ಹೆಸರಾದ ಬಲಗಿವಿಯನ್ನು ಮೇಲೆ ಮಾಡಿ ಮೇಜಿನ ಮೇಲೆ, ಗೆಣಸಿನ ಸಿಪ್ಪೆಗಳ ನಡುವೆ, ತಲೆಯಿಟ್ಟ. ಅವರು ಬೇರು ಕುದಿಸಿದ ಎಣ್ಣೆ ಹೊಯ್ದು, ಬೆರಳಲ್ಲಿ ಕಿವಿಯ ಸುತ್ತ ಮುಚ್ಚಿದ ಗೆರೆ ಎಳೆದು, ಮೇಣ ಸುರಿದರು. ಕುತ್ತಿಗೆಯ ಗುಬುಟು ಹಿಂದಕ್ಕೆ ಹರಿದು ಒಳಗೆ ಸುರುಳಿ ಸುತ್ತಿಕೊಂಡಿತು.

ರೆಕಾರ್ಡು ಹೊರಬಂದಿತು, ಆ ಸುತ್ತಿಲ್ಲದೆ. ಬರ್ಲಿನ್ನಿನಲ್ಲಿ ಅದಕ್ಕೆ ಚೆನ್ನಾಗಿಯೇ ಕುಣಿಯುತ್ತಾರಂತೆ. ಹೆನ್ನಿಂಗನ ಬಲಗಿವಿಗೆ ಅದು ಕೇಳಿಸದು. ಅಲ್ಲಿ ಒಂದೇ ಬಡಿತ, ಪ್ರತಿ ಸುತ್ತಿಗೂ ಒದ್ದೆಯಾದದ್ದೊಂದು ಮಗ್ಗುಲು ಬದಲಿಸುವ ಸದ್ದು. ಎಷ್ಟು ದಿನ ಹೀಗೆ ಎಂದು ಅವನು ಫೋನಿನಲ್ಲಿ ಕೇಳಿದ. ರೆಕಾರ್ಡಾಗಿದ್ದರೆ ಮುಳ್ಳು ಎತ್ತಬಹುದಿತ್ತು ಎಂದರು ಲುವಿನಿಯಾ.

ಅವನು ಫೋನಿಟ್ಟು, ಸವೆದು ತೆಳುವಾದ ಮೇಣವನ್ನು ಬೆರಳಿನಿಂದ ಮುಟ್ಟಿದ.

ಬಡಿತ ಒಂದು ಕ್ಷಣ ನಿಂತಿತು. ಒಳಗಿನಿಂದ ಏನೋ ಬೆರಳತುದಿಯನ್ನು ನೆಕ್ಕಿತು.