ತೆರೆದು ನೋಡದ ಸಿಡಿಗಳು

ಹೆಣ್ಣುಮಕ್ಕಳ ಫೋಟೋಗಳಿದ್ದ ಸಿಡಿಯೊಂದನ್ನು ಒಬ್ಬ ಗಂಡಸು ತನ್ನ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದ. ನಾನು ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತು. ಎಲ್ಲಿಗೆ ಒಯ್ಯುತ್ತಿದ್ದೀರಿ ಎಂದು ಕೇಳಿದೆ. ಗುಂಡ್ಲುಪೇಟೆಗೆ, ನಮ್ಮನೆಗೆ ಎಂದ. ಅವರ ಫೋಟೋ ನಿಮ್ಮ ಮನೆಯಲ್ಲಿ ಯಾಕೆ ಎಂದೆ. ಅವನ ಮುಖ ಕಪ್ಪಿಟ್ಟಿತು.

ಚಾಮರಾಜನಗರದ ದೊಡ್ಡಂಗಡಿ ಬೀದಿಯಲ್ಲಿ ಚಿಕ್ಕಬಸಮ್ಮನವರ ವಧೂವರರ ಮಾಹಿತಿ ಕೇಂದ್ರವದು. ಮೊದಲು ಎಲ್ಲವೂ ಕಾಗದದ ಫೈಲುಗಳಲ್ಲಿತ್ತಂತೆ. ವೆಬ್‌ಸೈಟ್ ಆದ ಮೇಲೆ ಫೈಲುಗಳನ್ನು ರದ್ದಿಗೆ ಹಾಕಿಬಿಟ್ಟಿದ್ದರು. ಹುಡುಗ ಹುಡುಗಿಯರ ಫೋಟೋ, ಓದು, ನಕ್ಷತ್ರ, ಮನೆಯವರ ಫೋನ್ ನಂಬರು, ಎಲ್ಲವೂ ಯಾವುದೋ ದೇಶದ ಯಾವುದೋ ಕಂಪನಿಯ ಸರ್ವರ್‌ನಲ್ಲಿದ್ದವು. ಕ್ಲೌಡ್ ಎಂಬ ಮಾತು ಆಗ ನಮ್ಮೂರಿಗೆ ಬಂದಿರಲಿಲ್ಲ. ಇಂಟರ್ನೆಟ್‌ನಲ್ಲಿದೆ ಎನ್ನುತ್ತಿದ್ದೆವು, ದೇವರ ಹತ್ತಿರ ಇದೆ ಎನ್ನುವ ಹಾಗೆ.

ಸೈಟು ಮಾಡಿಕೊಟ್ಟವನೇ ಈ ಮಾದೇಶ್. ಗುಂಡ್ಲುಪೇಟೆಯಲ್ಲಿ ಅವನದೊಂದು ಕಂಪ್ಯೂಟರ್ ಅಂಗಡಿ. ತಿಂಗಳಿಗೊಮ್ಮೆ ಬಂದು ಸೈಟಿನಲ್ಲಿರುವುದನ್ನೆಲ್ಲ ಸಿಡಿಗೆ ಇಳಿಸಿಕೊಂಡು ಹೋಗುತ್ತಿದ್ದ.

“ಕಂಪನಿಯೋರೂ ಬ್ಯಾಕಪ್ ತೆಗೀತಾರೆ ಮೇಡಂ. ಆದ್ರೆ ಅದು ಅವರ ಹತ್ರಾನೇ ಇರುತ್ತೆ. ಅವರ ಮನೆಗೆ ಬೆಂಕಿ ಬಿದ್ರೆ ಎರಡೂ ಹೋಗ್ತವೆ. ಅವರ ಕೈಗೆ ಸಿಗದ ಜಾಗದಲ್ಲಿ ನಮ್ದೇ ಅಂತ ಒಂದು ಇರ್ಬೇಕು.”

ಚಿಕ್ಕಬಸಮ್ಮ ಎಲೆಯಡಿಕೆ ಅಗಿಯುತ್ತ ನಕ್ಕರು. “ತಿಂಗ್ಳು ತಿಂಗ್ಳೂ ಇದೇ ಪುರಾಣ ಇವುಂದು. ಅವ್ರೇ ನೋಡ್ಕತ್ತಾರ ಬುಡ್ಲಾ ಅಂದ್ರ ಕೇಳಕ್ಕಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಆದ್ರೂ ನೀ ಹೇಳದು ಸರಿ ಅದ ಕಣಮ್ಮಿ. ಹೆಣ್ಮಕ್ಕಳ ಪಟ. ನಾಳ ಯಾರಾರ ಏನಾರ ಅಂದ್ರ? ಕವರಿಗಾಕಿ ಅಂಟ್ಸಿ, ಮೇಲ ಸೈನ್ ಮಾಡ್ಕೊಡು. ಇವ್ನು ಒಡೀಬಾರ್ದು, ಅಷ್ಟೆ.”

ಮಾದೇಶ್ ಏನೋ ಹೇಳಲು ಬಾಯಿ ತೆರೆದ. ನನ್ನ ಮುಖ ನೋಡಿದ. ಆಗಲಿ ಎಂದ.

ನಾನೂ ಈ ಕೇಂದ್ರದ ಮೂಲಕವೇ ಮದುವೆಯಾದವಳು. ಗಂಡ ಶಿವರುದ್ರಸ್ವಾಮಿ, ಹರದನಹಳ್ಳಿಯವರು, ದನದ ಆಸ್ಪತ್ರೆಯಲ್ಲಿ ಕೆಲಸ. ಮದುವೆಯಾದ ಮರುವರ್ಷ ಬೈಕು, ಲಾರಿ, ಮಳೆ. ನಾನು ಅತ್ತೆ ಮಲ್ಲಿಗಮ್ಮನವರ ಜೊತೆಯಲ್ಲೇ ಉಳಿದೆ. ಮೈಸೂರಿನಲ್ಲಿ ಓದಿದ ಎಂ.ಎ. ಇತ್ತು. ಮನೆಯಲ್ಲಿ ಕೂತು ಗೋಡೆ ನೋಡಬೇಡ ಎಂದು ಚಿಕ್ಕಬಸಮ್ಮ ಕರೆದರು.

ಮದುವೆಯಾದವರ ಹೆಸರುಗಳನ್ನು ಸೈಟಿನಿಂದ ಯಾರೂ ತೆಗೆಯುತ್ತಿರಲಿಲ್ಲ. ಅವನ್ನು ತೆಗೆಯುವುದೇ ನನ್ನ ಮೊದಲ ಕೆಲಸವಾಯಿತು. ಮೊದಲು ತೆಗೆದದ್ದು ನನ್ನ ಗಂಡನದು. ಆಮೇಲೆ ನನ್ನದು. ಏನೂ ಅನಿಸಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದರಿಂದಲೂ ಏನೂ ಅನಿಸುತ್ತಿರಲಿಲ್ಲ.

ಮಾದೇಶ್ ಬರುತ್ತಿದ್ದ, ಹೋಗುತ್ತಿದ್ದ. ಫೋಟೋಗಳು ಒಂದೊಂದಾಗಿ ಇಳಿಯುವಾಗ ಕುರ್ಚಿ ತಿರುಗಿಸಿ ಬೀದಿ ನೋಡುತ್ತ ಕೂರುತ್ತಿದ್ದ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಕೊಂಡ ಬೇಯಿಸಿದ ಕಡಲೆಕಾಯಿಯನ್ನು ಮೇಜಿನ ಮೇಲಿಟ್ಟು, ಚಿಕ್ಕಬಸಮ್ಮನವರಿಗೆ ಎನ್ನುತ್ತಿದ್ದ. ಅವರಿಗೆ ಹಲ್ಲುನೋವು, ಅವರು ಕಡಲೆಕಾಯಿ ತಿನ್ನುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಕವರಿನ ಮೇಲೆ ನಾನು ಸಹಿ ಹಾಕುವಾಗ ಅದರ ಅಂಚನ್ನು ಒತ್ತಿ ಹಿಡಿಯುತ್ತಿದ್ದ. ಅವನ ಬೆರಳಿಗೂ ನನ್ನ ಬೆರಳಿಗೂ ನಡುವೆ ಒಂದು ಅಕ್ಷರದಷ್ಟು ಜಾಗ. ಆ ಜಾಗವನ್ನು ಅವನು ಎಂದೂ ದಾಟಲಿಲ್ಲ. ಅವನ ಕಣ್ಣು ನನ್ನ ಸಹಿಯ ಕೊನೆಯ ಸುಳಿಯವರೆಗೆ ಬಂದು ನಿಲ್ಲುತ್ತಿತ್ತು. ಒಮ್ಮೆ ನಾನು ಬೇಕೆಂದೇ ನಿಧಾನವಾಗಿ ಬರೆದೆ. ಯಾಕೆ ಹಾಗೆ ಮಾಡಿದೆನೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ.

ಮರುವರ್ಷ ಆಷಾಢದ ಮೊದಲಲ್ಲೇ ಒಂದು ಬೆಳಿಗ್ಗೆ ಸೈಟು ತೆರೆಯಲಿಲ್ಲ. ಕಂಪನಿಯಿಂದ ಒಂದು ಮೇಲ್ ಬಂದಿತ್ತು. ಅವರ ಯಂತ್ರಗಳು ಕೆಟ್ಟಿವೆ. ಬ್ಯಾಕಪ್ ಕೂಡ ಅವೇ ಯಂತ್ರಗಳಲ್ಲಿತ್ತು. ಯಾವುದನ್ನೂ ಹಿಂದಕ್ಕೆ ತರಲಾಗುವುದಿಲ್ಲ, ವಿಷಾದವಿದೆ. ನಾನು ಕನ್ನಡದಲ್ಲಿ ಹೇಳಿದೆ. ಚಿಕ್ಕಬಸಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೂತರು. ಶ್ರಾವಣ ಬಂದರೆ ಮದುವೆಯ ಮಾತುಗಳು ಶುರುವಾಗುತ್ತವೆ. ಅಷ್ಟರಲ್ಲಿ ಹೆಸರುಗಳು ಸಿಗದಿದ್ದರೆ ಬಾಗಿಲು ಹಾಕುವುದೇ ಎಂದರು. ಬಾಗಿಲು ಹಾಕಿದರೆ ನಾನು ಮತ್ತೆ ಆ ಗೋಡೆಯ ಮುಂದೆ.

ಮಧ್ಯಾಹ್ನದ ಹೊತ್ತಿಗೆ ಮಾದೇಶ್ ಕವರುಗಳನ್ನು ಹೊತ್ತು ಬಂದ. ಒಂದರ ಅಂಟೂ ಬಿಟ್ಟಿರಲಿಲ್ಲ. ಕತ್ತರಿಸಿ, ಹೊಸದರಿಂದ ಹಿಂದಕ್ಕೆ ಒಂದೊಂದನ್ನೇ ಕಂಪ್ಯೂಟರಿಗೆ ಹಾಕಿದ. ಯಾವುದೂ ತೆರೆಯಲಿಲ್ಲ. ಆಫೀಸಿನ ಸಿಡಿ ರೈಟರ್ ಯಾವಾಗಲೋ ಕೆಟ್ಟಿತ್ತು. ಬರೆದಂತೆ ತೋರಿಸಿ, ಏನೂ ಬರೆಯದೆ ಸಿಡಿ ಹೊರಗೆ ತಳ್ಳುತ್ತಿತ್ತು.

ಮೊದಲೆಲ್ಲ ಅವನು ಮನೆಗೆ ಹೋಗಿ ಸಿಡಿ ಹಾಕಿ ನೋಡುತ್ತಿದ್ದನಂತೆ. ಅಂಟಿಸಲು ಶುರುಮಾಡಿದ ಮೇಲೆ ನೋಡಲಿಲ್ಲ.

“ತೆರೆದು ನೋಡದ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ. ನಂಗದು ಗೊತ್ತಿತ್ತು” ಎಂದ.

“ಮತ್ತೆ?”

“ಒಡೆಯಲ್ಲ ಅಂತ ಮಾತು ಕೊಟ್ಟಿದ್ದೆ.”

ಬ್ಯಾಗಿನ ತಳದಲ್ಲಿ ಕವರಿಲ್ಲದ ಸಿಡಿಯೊಂದಿತ್ತು. ಅದು ನಾನು ಬರುವ ಮುಂಚಿನದು. ಹಾಕಿದ. ತೆರೆಯಿತು. ಚಿಕ್ಕಬಸಮ್ಮ ಕೈ ಮುಗಿದರು. ಮಾದೇಶ್ ಮಾತ್ರ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

“ಮೇಡಂ, ಇದರಲ್ಲಿ ನಿಮ್ಮನೆ ಸರ್ ಇದ್ದಾರೆ. ಅವರೊಬ್ಬರನ್ನ ಬಿಟ್ಟು ಹಾಕ್ಲಾ?”

ಎಲ್ಲ ಹಾಕಿ, ಆಮೇಲೆ ನಾನೇ ತೆಗೆಯುತ್ತೇನೆ ಎಂದೆ.

ಹೊಸ ಕಂಪನಿಯೊಂದರಲ್ಲಿ ಸೈಟು ಮತ್ತೆ ಎದ್ದಿತು. ಒಂದು ವರ್ಷದ ಹೊಸ ಹೆಸರುಗಳನ್ನು ಚಿಕ್ಕಬಸಮ್ಮ ನೆನಪಿನಿಂದ ಹೇಳುತ್ತ, ಫೋನಿನಲ್ಲಿ ಹುಡುಕುತ್ತ ಕೂಡಿಸಿದರು. ನಾನು ತೆಗೆದಿದ್ದ ಹಳಬರೆಲ್ಲ ವಾಪಸು ಬಂದಿದ್ದರು. ಎರಡು ಮಕ್ಕಳ ತಂದೆಯೊಬ್ಬ ಕನ್ಯೆ ಹುಡುಕುತ್ತಿದ್ದಾನೆಂದು ಅವನ ಹೆಂಡತಿಯೇ ಫೋನ್ ಮಾಡಿ ನಮಗೆ ಬೈದಳು. ಮಾದೇಶ್ ಬಾಯಿಗೆ ಕರ್ಚೀಫು ಒತ್ತಿಕೊಂಡು ನಕ್ಕ. ನಾನೂ ನಗಬಹುದಿತ್ತು.

ಒಬ್ಬೊಬ್ಬರನ್ನೇ ತೆಗೆಯುತ್ತ ಬಂದೆ. ಒಂದು ಹೆಸರಿನ ಹತ್ತಿರ ಬಂದಾಗಲೆಲ್ಲ ಮುಂದಿನದಕ್ಕೆ ಹೋಗುತ್ತಿದ್ದೆ.

ಫೋಟೋದಲ್ಲಿ ನೀಲಿ ಅಂಗಿ. ಹೆಸರಿನ ಮುಂದೆ ಅವಿವಾಹಿತ. ಹುಟ್ಟಿದ ದಿನ ನೋಡಿ ವಯಸ್ಸನ್ನು ಸೈಟು ತಾನೇ ಲೆಕ್ಕ ಹಾಕುತ್ತಿತ್ತು. ಹೋದ ಮೇಲಿನ ವರ್ಷಗಳೂ ಅದರಲ್ಲಿ ಸೇರಿದ್ದವು. ಅಲ್ಲಿ ಅವರಿಗೆ ವಯಸ್ಸಾಗುತ್ತಿತ್ತು.

ಮಾದೇಶ್ ದಿನವೂ ಬರುತ್ತಿದ್ದ. ಆ ಹೆಸರು ಹಾಗೇ ಉಳಿದಿರುವುದನ್ನು ನೋಡಿಯೂ ಏನೂ ಕೇಳಲಿಲ್ಲ. ಕೇಳದಿರುವುದಕ್ಕೆ ಅವನಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಅವನ ಹೆಗಲು ನೋಡಿದರೆ ತಿಳಿಯುತ್ತಿತ್ತು.

ಒಂದು ದಿನ ಚಿಕ್ಕಬಸಮ್ಮ ಊಟಕ್ಕೆ ಹೋಗಿದ್ದಾಗ ಫೋನ್ ಬಂತು.

“ಮದ್ವೆ ಆಫೀಸಾ? ಚಂದಕವಾಡಿಯಿಂದ ಕಣವ್ವ. ನನ್ ಮಗೀಗ ಗಂಡ್ ನೋಡ್ತಾ ಇವ್ನಿ. ನಮ್ ತಮ್ಮ ಕಂಪ್ಯೂಟ್ರಲ್ಲಿ ಒಂದ್ ಪಟ ತೋರ್ಸುದ. ಹರದನಳ್ಳಿ ಶಿವರುದ್ರಸ್ವಾಮಿ ಅಂತ. ಮೊಕದಲ್ಲಿ ನಗು ಅದ. ಆ ಹುಡ್ಗ ಇನ್ನೂ ಅವ್ನಾ, ಇಲ್ಲ ಎಲ್ಲಾರ ಮದ್ವೆ ಗೊತ್ತಾಗ್ಬುಡ್ತಾ?”

ಮದುವೆಯಾಗಿದೆ ಎಂದು ಹೇಳಿ ಮುಗಿಸಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

“ಅವರು ತೀರಿಕೊಂಡರಮ್ಮ” ಎಂದೆ.

ಅಲ್ಲಿಯವರೆಗೆ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಬೇರೆಯವರೇ ಹೇಳಿದ್ದರು.

“ಅಯ್ಯೋ ಶಿವನೇ. ಮದ್ವೆ ಆಗಿತ್ತಾ?”

“ಆಗಿತ್ತು.”

“ಹೆಂಡ್ರು?”

“ಇದ್ದಾಳೆ.”

“ಸಣ್ಣೋಳಾ?”

ಹೌದೆಂದೆ. ಫೋನಿನ ಆ ಕಡೆ ಕರುವೊಂದು ಕೂಗುತ್ತಿತ್ತು.

“ಹಂಗಾರ ಆ ಮಗೀಗೊಂದ್ ಗಂಡ್ ನೋಡ್ರವ್ವ. ನೀವು ಅದೇ ಕೆಲ್ಸದೋರಲ್ವಾ.”

ಫೋನ್ ಇಟ್ಟೆ. ಕಣ್ಣು ಉರಿಯಿತು, ಆಮೇಲೆ ಒದ್ದೆಯಾಯಿತು. ಅಳುವುದು ಹೇಗೆಂಬುದೇ ಮರೆತುಹೋಗಿತ್ತು, ಮೊದಲು ಕೆಮ್ಮಿನ ಹಾಗೆ ಬಂತು. ಮಾದೇಶ್ ಹತ್ತಿರ ಬರಲಿಲ್ಲ. ತನ್ನ ಕುರ್ಚಿಯನ್ನು ಎಳೆದು ಬಾಗಿಲಿಗೂ ನನಗೂ ನಡುವೆ ಹಾಕಿಕೊಂಡು, ಬೀದಿಯಲ್ಲಿ ಹೋಗುವವರಿಗೆ ನಾನು ಕಾಣದ ಹಾಗೆ, ನನಗೆ ಬೆನ್ನು ಮಾಡಿ ಕೂತ.

ಎಷ್ಟೋ ಹೊತ್ತಿನ ಮೇಲೆ ಅವರ ಹೆಸರನ್ನು ತೆರೆದೆ. ಅಳಿಸಲು ಒತ್ತಿದೆ. ಖಚಿತವೇ ಎಂದು ಕಂಪ್ಯೂಟರ್ ಕೇಳಿತು. ಬೆರಳು ನಿಂತಿತು.

ಅವನು ತಿರುಗದೆಯೇ ಹೇಳಿದ. “ಒತ್ತಿ. ನನ್ನ ಹತ್ರ ಇದೆ, ಹೋಗಲ್ಲ. ಇನ್ನೊಂದು ಕಡೆ ಇದೆ ಅಂತ ಧೈರ್ಯ ಇದ್ರೇನೇ ಕೈ ಬಿಡೋಕಾಗೋದು.”

ಒತ್ತಿದೆ. ನೀಲಿ ಅಂಗಿ ಇದ್ದ ಜಾಗ ಬಿಳಿಯಾಯಿತು.

ಅದರ ಮುಂದಿನದು ನನ್ನದು. ಅವಿವಾಹಿತೆ ಎಂದಿದ್ದ ಕಡೆ ವಿಧವೆ ಎಂದು ಮಾಡಿದೆ. ಅಷ್ಟರಲ್ಲಿ ಮಾದೇಶ್ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದ. ನನ್ನ ಬೆರಳನ್ನು ನೋಡಿದ, ಪರದೆಯನ್ನು ನೋಡಿದ, ಮತ್ತೆ ಬೆರಳನ್ನು.

“ಅದನ್ನ ಸೈಟಲ್ಲಿ ಬಿಡ್ಬೇಡಿ.”

“ಯಾಕೆ?”

“ಬೇರೆಯೋರು ನೋಡ್ತಾರೆ.”

“ಬೇರೆಯವರು ಅಂದ್ರೆ?”

“ನನ್ನ ಬಿಟ್ಟು.”

ಹೇಳಿದ ಮೇಲೆ ತನಗೇ ಭಯವಾದವನಂತೆ ಮೇಜಿನ ಅಂಚು ಹಿಡಿದುಕೊಂಡ. ಆ ಕೈಯನ್ನು ನಾನು ಬಹಳ ಹೊತ್ತು ನೋಡಿದೆ. ಅವನು ನಾಚಿ ಅದನ್ನು ಹಿಂದಕ್ಕೆ ತೆಗೆದುಕೊಂಡ.

ಆಮೇಲೆ ಬ್ಯಾಗಿನಿಂದ ಒಂದು ಸಿಡಿ ತೆಗೆದು ನನ್ನ ಮುಂದಿಟ್ಟ. ಅದರಲ್ಲಿ ಅವರದೊಂದೇ ಪುಟವಿದೆ, ಅವರದೊಂದೇ ಫೋಟೋ ಇದೆ ಎಂದ. ಎರಡು ಕಂಪ್ಯೂಟರಿನಲ್ಲಿ ಹಾಕಿ ನೋಡಿದ್ದನಂತೆ. ಎರಡರಲ್ಲೂ ತೆರೆಯಿತಂತೆ.

“ನಿಮ್ಮ ಹತ್ರ ಇದೆಯಲ್ಲ” ಎಂದೆ.

“ನನ್ನ ಹತ್ರ ಮಾತ್ರ ಇರಬಾರದು. ನಾಳೆ ನನ್ನ ಮೇಲೆ ನಿಮಗೆ ಬೇಜಾರಾಗ್ಬಹುದು. ನನ್ನ ಮುಖ ನೋಡೋದು ಬೇಡ ಅನ್ನಿಸ್ಬಹುದು. ಆಗಲೂ ಸರ್ ನಿಮಗೆ ಸಿಗ್ಬೇಕು.”

ಅವರನ್ನು ಮರೆತುಬಿಡು ಎಂದು ಹೇಳಿದವರು ಬಹಳ ಜನ. ಅವರನ್ನು ನನ್ನ ಕೈಗೆ ಕೊಟ್ಟವನು ಇವನೊಬ್ಬ.

ನನ್ನ ಹೆಸರನ್ನೂ ಸೈಟಿನಿಂದ ತೆಗೆದೆ. ಸಿಡಿಯನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದೆ.

“ಹರದನಹಳ್ಳಿಗೆ ಬನ್ನಿ” ಎಂದೆ.

“ಯಾರ ಕಂಪ್ಯೂಟರ್ ಕೆಟ್ಟಿದೆ?”

“ಕಂಪ್ಯೂಟರ್ ಅಲ್ಲ. ಅತ್ತೆ ಇದ್ದಾರೆ. ನಮ್ಮ ಕಡೆ ಗಂಡಿನವರೇ ಬಂದು ಕೇಳಬೇಕು.”

ಅವನು ಕುರ್ಚಿಯಲ್ಲಿ ಕೂತುಬಿಟ್ಟ. ನಾಳೆಯೇ ಬರಲಾ ಎಂದು ಕೇಳಿದ.

“ಆಷಾಢ ಕಳೀಲಿ” ಎಂದೆ. “ಶ್ರಾವಣದ ಮೊದಲ ಸೋಮವಾರ ಬನ್ನಿ. ನಾನು ಅವರಿಗೆ ಹೇಳಿರ್ತೀನಿ.”